ಹೊಂದಿಕೊಳ್ಳಬೇಕಾದವರು ಯಾರು?



ಪದವಿ ತರಗತಿಗಳು ಆರಂಭವಾಗಿ ಒಂದೆರಡು ತಿಂಗಳು ಕಳೆಯುವ ಹೊತ್ತಿಗೆ ನನಗೆ ಬರುವ ದೂರವಾಣಿ ಕರೆಗಳು ಹೆಚ್ಚುತ್ತವೆ. "ಮಗನಿಗೆ ಕಾಲೇಜು ಹಿಡಿಸುತ್ತಿಲ್ಲ ಮಾಷ್ಟ್ರೇ, ನೀವಾದರೂ ಸ್ವಲ್ಪ ಬುದ್ಧಿ ಹೇಳಿ" ಎಂದು ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಕೇಳಿಕೊಳ್ಳುತ್ತಾರೆ. ಅವರು ಬಯಸುವ ಬುದ್ಧಿಮಾತು ಒಂದೇ: "ಹೊಂದಿಕೊಳ್ಳಬೇಕು." ಈ ಮಾತನ್ನು ನಾನು ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ. ಇನ್ನು ಮುಂದೆ ಹೇಳಲಾರೆ. ಏಕೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಉದ್ಯಾವರದ ಹುಡುಗನೊಬ್ಬ ಪಿಯುಸಿಯಲ್ಲಿ ವಾಣಿಜ್ಯ ವಿಷಯಗಳನ್ನು ಕನ್ನಡದಲ್ಲೇ ಬರೆದು, ಒಳ್ಳೆಯ ಅಂಕ ಗಳಿಸಿ, ಬಿ.ಕಾಂ.ಗೆ ಸೇರಿದ. ತಂದೆಯ ದೋಣಿಯ ಎಂಜಿನು ವರ್ಷ ವರ್ಷವೂ ಬೆಲೆ ಕಳೆದುಕೊಳ್ಳುವುದನ್ನು ನೋಡುತ್ತಲೇ ಬೆಳೆದವನು. "ಸವಕಳಿ" ಎಂದರೇನೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಕಾಲೇಜಿನಲ್ಲಿ ಅದು "ಡಿಪ್ರಿಸಿಯೇಷನ್" ಆಗಿತ್ತು. ಎರಡೂ ಒಂದೇ ಎಂಬ ಒಂದು ವಾಕ್ಯವನ್ನು ಅಲ್ಲಿ ಯಾರೂ ಹೇಳಲಿಲ್ಲ. ಒಂದು ಸಂಜೆ ನನ್ನ ಮನೆಯ ಜಗಲಿಯಲ್ಲಿ ಕುಳಿತು ತುಳುವಿನಲ್ಲಿ ಹೇಳಿದ: "ಸರ್, ಕ್ಲಾಸಿನಲ್ಲಿ ಎಲ್ಲರೂ ನಗುವಾಗ ನಾನೂ ನಗುತ್ತೇನೆ. ಯಾಕೆಂದು ಮಾತ್ರ ಗೊತ್ತಾಗುವುದಿಲ್ಲ." ನಾನು ಅವನ ಬೆನ್ನು ತಟ್ಟಿ, "ಹೊಂದಿಕೊಳ್ಳಬೇಕು ಮಗಾ" ಎಂದೆ. ಮೊದಲ ಸೆಮಿಸ್ಟರಿನ ಫಲಿತಾಂಶ ಬಂದ ಮೇಲೆ ಅವನು ಕಾಲೇಜಿಗೆ ಹೋಗಲಿಲ್ಲ. ಇಂದು ದುಡಿದು ಉಣ್ಣುತ್ತಿದ್ದಾನೆ, ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ಕಂಡಾಗಲೆಲ್ಲ "ನಾನು ದಡ್ಡ ಅಲ್ಲವಾ ಸರ್" ಎನ್ನುತ್ತಾನೆ. ಈ ಸುಳ್ಳನ್ನು ಅವನು ನಂಬುವಂತೆ ಮಾಡಿದವರಲ್ಲಿ ನಾನೂ ಒಬ್ಬ.

ನಮ್ಮ ಮಕ್ಕಳಿಗೆ ಹೊಂದಿಕೊಳ್ಳಲು ಬಾರದೆ? ಯೋಚಿಸಿ ನೋಡಿ. ಈ ಕರಾವಳಿಯ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುತ್ತಾ ಬೆಳೆದು, ಆರನೆಯ ವಯಸ್ಸಿಗೆ ಕನ್ನಡ ಶಾಲೆಯ ಮೆಟ್ಟಿಲು ಹತ್ತುತ್ತದೆ. ಬೆಕ್ಕಿನ ಚಿತ್ರ ತೋರಿಸಿದರೆ ಒಂದನೆಯ ತರಗತಿಯ ಮಕ್ಕಳೆಲ್ಲ ಒಕ್ಕೊರಲಿನಿಂದ "ಪುಚ್ಚೆ" ಎಂದು ಕೂಗುತ್ತಿದ್ದರು. ನಾವು ಬೈಯುತ್ತಿರಲಿಲ್ಲ. "ಹೌದು, ಪುಚ್ಚೆ. ಕನ್ನಡದಲ್ಲಿ ಬೆಕ್ಕು" ಎನ್ನುತ್ತಿದ್ದೆವು. ಮೊದಲ ಕೆಲವು ತಿಂಗಳು ಅರ್ಧ ತುಳು, ಅರ್ಧ ಕನ್ನಡ. ವರ್ಷ ಮುಗಿಯುವಾಗ ತುಳುವಿನ ಅಗತ್ಯವೇ ಬೀಳುತ್ತಿರಲಿಲ್ಲ. ಹಾಗೆ ಕಲಿತವರೇ ನೀವು! ಆರು ವರ್ಷದ ಮಗುವಿಗೆ ಹಾಕಿಕೊಟ್ಟ ಸಂಕವನ್ನು ಹದಿನೆಂಟರ ಯುವಕನಿಗೆ ಹಾಕಿಕೊಡುವುದು ಮಾತ್ರ ಕಾಲೇಜಿನ ಘನತೆಗೆ ಕುಂದೆಂದು ತೋರುವುದು ಯಾವ ನ್ಯಾಯ?

ನಮ್ಮ ಉಡುಪಿಯಲ್ಲೇ ಇದಕ್ಕೊಂದು ಮೇಲ್ಪಂಕ್ತಿಯಿದೆ. ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿರುವ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ತುಳು ನಿಘಂಟಿನ 6 ಸಂಪುಟಗಳು ಹೊರಬಂದವು. ಅದರಲ್ಲಿ ತುಳು ಪದದ ಪಕ್ಕದಲ್ಲೇ ಕನ್ನಡದ ಅರ್ಥವೂ ಇಂಗ್ಲಿಷಿನ ಅರ್ಥವೂ ಇವೆ. ಮೂರು ಭಾಷೆಗಳು ಒಂದು ಪುಟದಲ್ಲಿ ಜಗಳವಿಲ್ಲದೆ ಕೂರಬಲ್ಲವು; ಒಂದು ತರಗತಿಯಲ್ಲಿ ಎರಡು ಭಾಷೆಗಳು ಒಂದು ಸೆಮಿಸ್ಟರಿನ ಮಟ್ಟಿಗೆ ಕೂರಲಾರವೆ?

"ಇಂಗ್ಲಿಷ್ ಇಲ್ಲದೆ ಬದುಕಿಲ್ಲ" ಎಂದು ಕೆಲವರು ನನ್ನ ಮೇಲೆ ಬೀಳಬಹುದು. ಒಪ್ಪಿದೆ. ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಅಲ್ಲಿಗೆ ಹತ್ತಲು ಮೆಟ್ಟಿಲು ಕೇಳುತ್ತಿದ್ದೇನೆ. "ನಾವೂ ಕನ್ನಡ ಮಾಧ್ಯಮದವರೇ, ದಡ ಸೇರಲಿಲ್ಲವೆ?" ಎನ್ನುವವರೂ ಇದ್ದಾರೆ. ಸೇರಿದಿರಿ, ಸಂತೋಷ. ಆದರೆ ದಡ ಸೇರಿದವರ ಮಾತು ಮಾತ್ರ ನಮಗೆ ಕೇಳಿಸುತ್ತದೆ. ನಡುನೀರಿನಲ್ಲಿ ಕೈಸೋತವರು ಸನ್ಮಾನ ಸಭೆಗಳಿಗೆ ಬರುವುದಿಲ್ಲ.

ಕಾಲವೂ ಈ ಮಕ್ಕಳ ಪಾಲಿಗಿಲ್ಲ. ಪಿಯುಸಿಯಲ್ಲಿ ಕಲಿಯಲು ಇಡೀ ವರ್ಷವಿತ್ತು. ಸೆಮಿಸ್ಟರಿನಲ್ಲಿ ಕಿವಿ ಇಂಗ್ಲಿಷಿಗೆ ಒಗ್ಗುವ ಮೊದಲೇ ಆಂತರಿಕ ಪರೀಕ್ಷೆ ಬಂದು ನಿಲ್ಲುತ್ತದೆ. ಯುಜಿಸಿ 2009ರಲ್ಲಿ ರ‍್ಯಾಗಿಂಗ್ ವಿರುದ್ಧ ನಿಯಮಾವಳಿ ತಂದಿತು. ಹೊಸಬರನ್ನು ಬರಮಾಡಿಕೊಳ್ಳಲೆಂದು 2019ರಲ್ಲಿ "ದೀಕ್ಷಾರಂಭ" ಎಂಬ ಮಾರ್ಗದರ್ಶಿಯನ್ನೂ ಹೊರಡಿಸಿತು. ಒಳ್ಳೆಯದೇ. ಹಿರಿಯ ವಿದ್ಯಾರ್ಥಿಯ ಕ್ರೌರ್ಯಕ್ಕೆ ಶಿಕ್ಷೆಯುಂಟು. ಅರ್ಥವಾಗದ ಪಾಠದ ಮುಂದೆ ತಿಂಗಳುಗಟ್ಟಲೆ ಮೂಕವಾಗಿ ಕೂರಿಸುವ ಕ್ರೌರ್ಯಕ್ಕೆ ನಾವು ಇಟ್ಟ ಹೆಸರು ಮಾತ್ರ "ಹೊಂದಾಣಿಕೆ"!

ನಿಮ್ಮಲ್ಲಿ ಹಲವರು ಇಂದು ಉಪನ್ಯಾಸಕರು. ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಮೊದಲ ಸೆಮಿಸ್ಟರಿನಲ್ಲಿ ಪ್ರತಿ ಹೊಸ ಪರಿಭಾಷೆಯನ್ನು ಕರಿಹಲಗೆಯ ಮೇಲೆ ಎರಡು ಭಾಷೆಗಳಲ್ಲಿ ಬರೆಯಿರಿ. ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ಬಿಡಿ, ಕೇಳಿದವನನ್ನು ನೋಡಿ ಇತರರು ನಗದಂತೆ ನೋಡಿಕೊಳ್ಳಿ. ಹಿಂದಿನ ಬೆಂಚಿನ ಮೌನವನ್ನು ಸೋಮಾರಿತನವೆಂದು ತಿಳಿಯಬೇಡಿ. ತಂದೆ-ತಾಯಂದಿರೇ, ಮಗು ಸಂಜೆ ಮನೆಗೆ ಬಂದಾಗ, ಹಾಸ್ಟೆಲಿನಲ್ಲಿದ್ದರೆ ಫೋನಿನಲ್ಲಿ, ಅಂಕ ಎಷ್ಟೆಂದು ಕೇಳುವ ಬದಲು "ಇವತ್ತು ಯಾವುದು ಅರ್ಥವಾಗಲಿಲ್ಲ?" ಎಂದು ಕೇಳಿ. ಉತ್ತರ ನಿಮಗೆ ತಿಳಿಯದಿದ್ದರೂ ಚಿಂತೆಯಿಲ್ಲ. ಅರ್ಥವಾಗದಿರುವುದು ಅಪರಾಧವಲ್ಲವೆಂದು ಮಗುವಿಗೆ ತಿಳಿದರೆ ಸಾಕು.

ಉದ್ಯಾವರದಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಹತ್ತು ಕಿಲೋಮೀಟರು ಆಸುಪಾಸಿನ ದಾರಿ. ಅಷ್ಟು ಹತ್ತಿರದಲ್ಲಿ ವಿಶ್ವವಿದ್ಯಾನಿಲಯವಿದ್ದೂ ನಮ್ಮ ಕೆಲವು ಮಕ್ಕಳಿಗೆ ಕಾಲೇಜೆಂಬುದು ಪರದೇಶವಾಗಿಯೇ ಉಳಿದಿದ್ದರೆ, ಅದಕ್ಕೆ ಉತ್ತರ ಕೊಡಬೇಕಾದವರು ಮಕ್ಕಳಲ್ಲ.

ಆ ಹುಡುಗ ಇದನ್ನು ಓದುತ್ತಾನೋ ಇಲ್ಲವೋ ಅರಿಯೆ. ಓದಿದರೆ ಅವನಿಗೆ ಇಷ್ಟೇ ಹೇಳಬೇಕು: ಮಗಾ, ಅಂದು ನಿನಗೆ ಬೇಕಾಗಿದ್ದದ್ದು ಬುದ್ಧಿಮಾತಲ್ಲ, ಒಂದು ಗಂಟೆಯ ಪಾಠ. ಅದನ್ನು ನಾನು ಕೊಡಲಿಲ್ಲ. ದಡ್ಡತನ ನಿನ್ನದಾಗಿರಲಿಲ್ಲ.