ನೆನಪಿಡದ ಸೇವಕ

ಮೊಬೈಲಿನಲ್ಲಿ ಹವಾಮಾನ ವರದಿಯನ್ನು ಕೇಳಿದಾಗ ಉತ್ತರ ಕೊಡುವುದು ಮೊಬೈಲಲ್ಲ; ದೂರದ ಯಾವುದೋ ಕಂಪ್ಯೂಟರಿನಲ್ಲಿ ಹಗಲಿರುಳೂ ಕಾದು ಕುಳಿತಿರುವ ಒಂದು ಪ್ರೋಗ್ರಾಮು. ಇದಕ್ಕೆ ವೆಬ್ ಸೇವೆ ಎಂದು ಹೆಸರು. ಇಂಥ ಸೇವೆಯನ್ನು ರಚಿಸುವ ಕ್ರಮಗಳಲ್ಲಿ ಬಹು ಪ್ರಚಾರ ಪಡೆದುದು 'ರೆಸ್ಟ್' ಎಂಬ ಶೈಲಿ. ರಾಯ್ ಫೀಲ್ಡಿಂಗ್ ಎಂಬವರು 2000ದಲ್ಲಿ, ಅಮೆರಿಕದ ಇರ್ವಿನ್ ನಗರದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ ಇದನ್ನು ನಿರೂಪಿಸಿದರು.

ಇದರ ಸ್ಥೂಲ ರೂಪ ಕಠಿನವಲ್ಲ. ಮನೆಯ ಪುಸ್ತಕಗಳ ಪಟ್ಟಿಯನ್ನೇ ಸೇವೆಯಾಗಿಸಬಹುದು. ಇಡೀ ಪಟ್ಟಿಗೆ 'ಪುಸ್ತಕಗಳು' ಎಂಬುದು ವಿಳಾಸ. ಏಳನೆಯ ಪುಸ್ತಕಕ್ಕೆ 'ಪುಸ್ತಕಗಳು/7'. ಕೇಳಲು ಗೆಟ್, ಹೊಸದನ್ನು ಸೇರಿಸಲು ಪೋಸ್ಟ್, ಇದ್ದುದನ್ನು ಬದಲಿಸಲು ಪುಟ್, ತೆಗೆದುಹಾಕಲು ಡಿಲೀಟ್—ಈ ನಾಲ್ಕು ಆಜ್ಞೆಗಳು ಸಾಕು. ಉತ್ತರದ ತಲೆಯಲ್ಲಿ ಒಂದು ಅಂಕಿ ಇರುತ್ತದೆ: 200 ಎಂದರೆ ಕಾರ್ಯ ಸಫಲ, 201 ಎಂದರೆ ಹೊಸದು ಸೇರಿತು, 404 ಎಂದರೆ ಕೇಳಿದ್ದು ಇಲ್ಲಿಲ್ಲ. ಪೈಥಾನ್ ಭಾಷೆ ಬಲ್ಲವರು ಫ್ಲಾಸ್ಕ್ ಎಂಬ ಸಾಧನದ ನೆರವಿನಿಂದ ಇಷ್ಟನ್ನು ಒಂದು ಸಂಜೆಯಲ್ಲಿ ಬರೆದು ಮುಗಿಸಬಹುದು.

ತೊಡಕು ಹುಟ್ಟುವುದು ಅದನ್ನು ಮನೆಯಿಂದ ಹೊರಗೆ, ಬಾಡಿಗೆಗೆ ಪಡೆದ ಕಂಪ್ಯೂಟರಿನಲ್ಲಿ ಇಟ್ಟಾಗ. ಫ್ಲಾಸ್ಕಿನೊಡನೆ ಬರುವ ಪರೀಕ್ಷಾ ಸರ್ವರು ಸಾಮಾನ್ಯವಾಗಿ 127.0.0.1 ಎಂಬ ವಿಳಾಸದಲ್ಲಿ, ಎಂದರೆ ತನ್ನ ಯಂತ್ರದೊಳಗಣ ಕರೆಗೆ ಮಾತ್ರ ಓಗೊಡುತ್ತದೆ. ಲೋಕಕ್ಕೆ ತೆರೆಯುವಾಗ ಗುನಿಕಾರ್ನ್‌ನಂಥ ದೃಢವಾದ ಸರ್ವರು ಬೇಕು. ಅದು ಒಂದೇ ಪ್ರೋಗ್ರಾಮಿನ ನಾಲ್ಕಾರು ಪ್ರತಿಗಳನ್ನು ಏಕಕಾಲದಲ್ಲಿ ನಡೆಸಬಲ್ಲದು; ಒಂದೊಂದಕ್ಕೂ ಬೇರೆ ಬೇರೆ ಸ್ಮರಣೆ. ಪಟ್ಟಿಯನ್ನು ಆ ಸ್ಮರಣೆಯಲ್ಲಿಯೇ ಇಟ್ಟಿದ್ದರೆ ವಿಚಿತ್ರ ನಡೆಯುತ್ತದೆ. ಈಗ ಸೇರಿಸಿದ ಪುಸ್ತಕ ಮರುಗಳಿಗೆ ಕಾಣದು. ಮತ್ತೆ ಕೇಳಿದರೆ ಪ್ರತ್ಯಕ್ಷ! ಒಂದು ಪ್ರತಿಗೆ ಹೇಳಿದ್ದು ಇನ್ನೊಂದಕ್ಕೆ ತಿಳಿಯದಷ್ಟೆ. ಸರ್ವರನ್ನು ಒಮ್ಮೆ ನಿಲ್ಲಿಸಿ ಮತ್ತೆ ನಡೆಸಿದರಂತೂ ಇಡೀ ಪಟ್ಟಿಯೇ ಮಾಯ.

ಆದುದರಿಂದ ಉಳಿಯಬೇಕಾದುದೆಲ್ಲ ಎಲ್ಲ ಪ್ರತಿಗಳಿಗೂ ಎಟುಕುವ ಡೇಟಾಬೇಸ್ ಎಂಬ ಖಾತೆಪುಸ್ತಕದಲ್ಲಿರಬೇಕು. ಕೇಳುವವನೊಡನೆ ಹಿಂದೆ ನಡೆದ ಮಾತನ್ನು ಸೇವಕನು ನೆನಪಿಡಕೂಡದೆಂಬುದು ಫೀಲ್ಡಿಂಗ್ ವಿಧಿಸಿದ ನಿಯಮ. ಪ್ರತಿ ಕೋರಿಕೆಯೂ ಅಂಚೆ ಕಾರ್ಡಿನಂತೆ, ಬೇಕಾದ ವಿವರಗಳನ್ನೆಲ್ಲ ತಾನೇ ಹೊತ್ತು ಬರತಕ್ಕದ್ದು. ಆಗ ಯಾವ ಪ್ರತಿಯಾದರೂ ಉತ್ತರಿಸೀತು. ಒಂದು ಕೆಟ್ಟರೂ ಕೆಲಸ ನಿಲ್ಲದು.

ಖಾತೆಯಿದ್ದರೂ ಒಂದು ಅಪಾಯ ಉಳಿಯುತ್ತದೆ. ಕೋರಿಕೆ ತಲುಪಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋದರೆ ಕೇಳಿದವನು ಮತ್ತೊಮ್ಮೆ ಕೇಳುತ್ತಾನೆ. ಗೆಟ್, ಪುಟ್, ಡಿಲೀಟ್‌ಗಳನ್ನು ಎರಡು ಸಲ ಕಳುಹಿಸಿದರೂ ಪಟ್ಟಿಯ ಸ್ಥಿತಿ ಒಂದೇ. ಪೋಸ್ಟ್ ಹಾಗಲ್ಲ, ಒಂದು ಪುಸ್ತಕ ಎರಡಾಗುತ್ತದೆ. ಪುಸ್ತಕವಾದರೆ ನಕ್ಕು ಸುಮ್ಮನಾಗಬಹುದು, ಹಣದ ಪಾವತಿಯಾದರೆ? ಅದಕ್ಕಾಗಿ ಪ್ರತಿ ಪೋಸ್ಟಿಗೂ ಕೇಳುವವನೇ ಒಂದು ವಿಶಿಷ್ಟ ಸಂಖ್ಯೆಯನ್ನು ಲಗತ್ತಿಸುವ ಪದ್ಧತಿಯುಂಟು. ಸೇವಕನು ಅದನ್ನು ಖಾತೆಯಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಅದೇ ಸಂಖ್ಯೆ ಮತ್ತೆ ಬಂದರೆ ಹಳೆಯ ಉತ್ತರವನ್ನೇ ಕೊಟ್ಟರಾಯಿತು.

ಡೇಟಾಬೇಸಿನ ಗುಪ್ತಪದವನ್ನು ಪ್ರೋಗ್ರಾಮಿನೊಳಗೆ ಬರೆಯದೆ ಹೊರಗಿನಿಂದ ಒದಗಿಸುವುದು, ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಮಾರ್ಗದಲ್ಲಿಯೇ ಸಂಚಾರ ನಡೆಸುವುದು—ಇವೆರಡೂ ಬಾಗಿಲು ತೆರೆಯುವ ಮುನ್ನವೇ ಆಗತಕ್ಕವು. ಆಮೇಲೆ ಕೊನೆಯ ಪರೀಕ್ಷೆ: ಒಂದು ಪುಸ್ತಕವನ್ನು ಸೇರಿಸಿ, ಸರ್ವರನ್ನು ನಿಲ್ಲಿಸಿ, ಮತ್ತೆ ನಡೆಸಿ, ಬೇರೊಂದು ಮೊಬೈಲಿನಿಂದ ಪಟ್ಟಿಯನ್ನು ಕೇಳಬೇಕು. ಆ ಪುಸ್ತಕ ಅಲ್ಲಿ ಒಂದೇ ಒಂದು ಸಲ ಕಾಣಿಸಿದರೆ, ಸೇವಕನನ್ನು ನಂಬಿ ಕೆಲಸಕ್ಕೆ ಕಳುಹಿಸಬಹುದು.