ಲಾವಾ ಪದರಗಳ ನಡುವಿನ ಬದುಕು

ಮುಂಬಯಿಯಿಂದ ಪುಣೆ, ಸೊಲ್ಲಾಪುರಗಳ ಮಾರ್ಗವಾಗಿ ಕಲಬುರಗಿಗೆ ಸಾಗುವ ರೈಲುದಾರಿ ಬಹುಪಾಲು ಒಂದೇ ಶಿಲೆಯ ಮೇಲೆ ಹಾದುಹೋಗುತ್ತದೆ. ಖಂಡಾಳಾ ಘಾಟಿನ ಕಡಿದಾದ ಗೋಡೆಗಳು, ವಿಜಾಪುರದ ಗೋಳಗುಮ್ಮಟದ ಕರಿಕಲ್ಲು, ಜೋಳ ಬೆಳೆಯುವ ಎರೆ ಭೂಮಿ ಇವೆಲ್ಲವುಗಳ ಮೂಲ ಒಂದೇ: ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಹೊರಚೆಲ್ಲಿದ ಲಾವಾರಸ. ಕಲಬುರಗಿಯನ್ನು ದಾಟಿ ಶಹಾಬಾದಿನ ಕಡೆಗೆ ಹೋದಾಗಲೇ ಅದಕ್ಕಿಂತ ಬಹಳ ಹಳೆಯದಾದ ಸುಣ್ಣಕಲ್ಲು ತಲೆಯೆತ್ತುತ್ತದೆ. ಈ ಲಾವಾ ರಾಶಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ದಖ್ಖನ್ ಟ್ರ್ಯಾಪ್. ಟ್ರ್ಯಾಪ್ ಎಂಬುದು ಸ್ವೀಡಿಷ್ ಭಾಷೆಯ ಮೆಟ್ಟಿಲು ಎಂಬರ್ಥದ ಪದದಿಂದ ಬಂದುದು. ಸಹ್ಯಾದ್ರಿಯ ಇಳಿಜಾರನ್ನು ದೂರದಿಂದ ಕಂಡವರಿಗೆ ಅದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಸವೆದು ಉಳಿದಿರುವ ಭಾಗವೇ ಇಂದು ಸುಮಾರು 5 ಲಕ್ಷ ಚದರ ಕಿಲೋಮೀಟರ್‌ಗಳಷ್ಟಿದೆ.

ಈ ಕಾಲಘಟ್ಟವನ್ನು ಕುರಿತ ಜನಪ್ರಿಯ ಬರಹಗಳಲ್ಲಿ ಎರಡೇ ಸಂಗತಿಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ: ಬೆಂಕಿ ಮತ್ತು ಡೈನೋಸಾರ್‌ಗಳ ಅಳಿವು. ಪ್ರಳಯದ ಕಲ್ಪನೆಗೆ ಒಗ್ಗಿಹೋದ ಮನಸ್ಸಿಗೆ ಇದು ಹಿತವೂ ಹೌದು. ಆದರೆ ಇದು ಅರ್ಧ ಸತ್ಯ. ಲಾವಾ ಒಂದೇ ಸಮನೆ ಹರಿಯಲಿಲ್ಲ. ಒಂದು ಪ್ರವಾಹಕ್ಕೂ ಮುಂದಿನದಕ್ಕೂ ನಡುವೆ ಎಷ್ಟೋ ವೇಳೆ ಸಾವಿರಾರು ವರ್ಷಗಳ ಬಿಡುವು ಇರುತ್ತಿತ್ತು. ಆ ಬಿಡುವಿನಲ್ಲಿ ಕಲ್ಲು ಮಣ್ಣಾಯಿತು, ತಗ್ಗಿನಲ್ಲಿ ನೀರು ನಿಂತು ಕೆರೆಯಾಯಿತು, ದಡದಲ್ಲಿ ಗಿಡ ಚಿಗುರಿತು. ಮುಂದಿನ ಪ್ರವಾಹ ಬಂದು ಎಲ್ಲವನ್ನೂ ಮುಚ್ಚಿತು, ಮುಚ್ಚಿದ್ದರಿಂದಲೇ ಕಾಪಾಡಿತು. ಅಂತರಪದರಗಳೆಂದು ಕರೆಯಬಹುದಾದ ಈ ತೆಳುವಾದ ಮಣ್ಣಿನ ಹಾಳೆಗಳು ಅವುಗಳ ಮೇಲಣ ಕೆಳಗಣ ಶಿಲಾರಾಶಿಗಿಂತ ಹೆಚ್ಚು ಓದುಯೋಗ್ಯವಾದವು.

ಅವುಗಳಲ್ಲಿ ದೊರೆತದ್ದಾದರೂ ಏನು? ನಾಗಪುರ, ಛಿಂದವಾಡಾ ಪ್ರದೇಶಗಳಲ್ಲಿ ತಾಳೆಯ ಜಾತಿಯ ಮರಗಳ ಕಾಂಡಗಳು ಕಲ್ಲಾಗಿ ಸಿಕ್ಕಿವೆ. ಹೈದರಾಬಾದಿನ ಪಶ್ಚಿಮಕ್ಕಿರುವ ನಸ್ಕಲ್‌ನ ಪದರದಿಂದ ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ ಅವರು 1988ರಲ್ಲಿ ಇಲಿಯಷ್ಟೇ ಗಾತ್ರದ ಸಸ್ತನಿಯೊಂದರ ಹಲ್ಲುಗಳನ್ನು ವರದಿ ಮಾಡಿದರು. ಭಾರತದಲ್ಲಿ ಕ್ರಿಟೇಷಿಯಸ್ ಯುಗದ ಸಸ್ತನಿಗೆ ದೊರೆತ ಮೊದಲ ಸಾಕ್ಷ್ಯವದು. ಲಾವಾಕ್ಕೂ ಮುಂಚಿನ ಲಮೇಟಾ ಪದರಗಳ ಕಥೆ ಇನ್ನೂ ಸ್ವಾರಸ್ಯಕರ. ಗುಜರಾತಿನಲ್ಲಿ ಡೈನೋಸಾರ್ ಗೂಡಿನೊಳಗೆ, ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿದ್ದ ಸುಮಾರು 3.5 ಮೀಟರ್ ಉದ್ದದ ಹಾವೊಂದರ ಅಸ್ಥಿ 2010ರಲ್ಲಿ ಪ್ರಕಟಗೊಂಡಿತು. ಮಹಾರಾಷ್ಟ್ರದ ಪಿಸ್ದುರಾದಲ್ಲಿ ದೊರೆತ, ಶಿಲೆಯಾಗಿದ್ದ ಲದ್ದಿಯಲ್ಲಿ ಹುಲ್ಲಿನ ಸೂಕ್ಷ್ಮ ಸಿಲಿಕಾ ಕಣಗಳಿದ್ದುದನ್ನು 2005ರಲ್ಲಿ ತೋರಿಸಲಾಯಿತು. ಹುಲ್ಲು ಡೈನೋಸಾರ್‌ಗಳು ಅಳಿದ ಮೇಲೆ ಬಂದುದೆಂಬ ರೂಢಿಯ ಎಣಿಕೆ ಅಂದಿಗೆ ಮುರಿಯಿತು. ಒಂದು ಹಿಡಿ ಲದ್ದಿ ಪಠ್ಯಪುಸ್ತಕವನ್ನು ತಿದ್ದಿತೆಂದರೆ ಅತಿಶಯವಲ್ಲ. ಅದೇ ಪದರಗಳ ಹಳೆಯ ಮಣ್ಣಿನಲ್ಲಿರುವ ಸುಣ್ಣದ ಗಂಟುಗಳು ಮಳೆಗಾಲ ಕಿರಿದಾಗಿದ್ದ, ಬೇಸಿಗೆ ದೀರ್ಘವಾಗಿದ್ದ ಅರೆಶುಷ್ಕ ಹವೆಯನ್ನು ಸೂಚಿಸುತ್ತವೆ. ಬಯಲುಸೀಮೆಯ ರೈತನ ನೇಗಿಲಿಗೆ ಇಂದಿಗೂ ತಗಲುವಂಥ ಗಂಟುಗಳೇ ಅವು. ಆಗಿನ ಭಾರತವಾದರೋ ಬಹುಪಾಲು ಭೂಮಧ್ಯರೇಖೆಯ ದಕ್ಷಿಣಕ್ಕಿದ್ದ, ಉತ್ತರಕ್ಕೆ ಸರಿಯುತ್ತಿದ್ದ ಒಂಟಿ ಭೂಖಂಡ.

ಅಳಿವಿನ ಕಾರಣವನ್ನು ಕುರಿತ ವಾದವಂತೂ ಮುಗಿದಿಲ್ಲ. ಲಾವಾದೊಡನೆ ಹೊರಬಂದ ಗಂಧಕದ ಅನಿಲಗಳು ಕೆಲವು ಕಾಲ ಹವೆಯನ್ನು ತಂಪುಗೊಳಿಸಿ ಆಮ್ಲಮಳೆಯನ್ನು ತಂದಿರಬೇಕು. ಇಂಗಾಲದ ಡೈಆಕ್ಸೈಡ್ ದೀರ್ಘಕಾಲ ಬಿಸಿಯೇರಿಸಿರಬೇಕು. 1980ರಲ್ಲಿ ಆಲ್ವಾರೆಜ್ ತಂದೆ-ಮಗ ಹಾಗೂ ಅವರ ಸಹೋದ್ಯೋಗಿಗಳು ಇರಿಡಿಯಂ ಧಾತುವಿನ ಆಧಾರದಿಂದ ಕ್ಷುದ್ರಗ್ರಹದ ಡಿಕ್ಕಿಯ ವಾದವನ್ನು ಮುಂದಿಟ್ಟರು. ಮೆಕ್ಸಿಕೋದ ಯುಕಟಾನ್‌ನಲ್ಲಿ ಅದರ ಕುಳಿಯೂ ಗುರುತಿಸಲ್ಪಟ್ಟಿತು. ದಖ್ಖನ್ ಲಾವಾದ ಹೆಚ್ಚಿನ ಭಾಗ ಆ ಡಿಕ್ಕಿಗೆ ಮುಂಚೆ ಬಂದುದೇ, ಅನಂತರ ಬಂದುದೇ ಎಂಬ ಬಗ್ಗೆ 2019ರಲ್ಲಿ ಒಂದೇ ಪತ್ರಿಕೆಯಲ್ಲಿ ಪ್ರಕಟವಾದ ಎರಡು ಕಾಲನಿರ್ಣಯಗಳು ಒಂದಕ್ಕೊಂದು ಒಪ್ಪಲಿಲ್ಲ. ಕನ್ನಡದಲ್ಲಿ ಬರೆಯುವವರು ಇಂಥಲ್ಲಿ ತೀರ್ಪು ಕೊಡುವ ಆತುರವನ್ನು ಬಿಟ್ಟು, ಸಂದೇಹವನ್ನು ಸಂದೇಹವಾಗಿಯೇ ಓದುಗರ ಮುಂದಿಡುವುದು ಮೇಲು. ವಿದ್ಯಾರ್ಥಿಗೆ ಉತ್ತರಕ್ಕಿಂತ ಉತ್ತರ ಹುಡುಕುವ ದಾರಿಯೇ ಬೇಕಾದದ್ದು.

ಹೊರನಾಡಿನ ಕನ್ನಡಿಗರಿಗೆ ಇದು ದೂರದ ವಿಷಯವೇನಲ್ಲ. ಮುಂಬಯಿಯ ವರಳಿ ಗುಡ್ಡದ ಅಂತರಪದರದಲ್ಲಿ ದೊರೆತ ಪುಟ್ಟ ಕಪ್ಪೆಗಳನ್ನು ರಿಚರ್ಡ್ ಓವೆನ್ 1847ರಲ್ಲಿ ವರ್ಣಿಸಿದನು. ಇಂದು ಅವುಗಳ ಹೆಸರು ಇಂಡೋಬ್ಯಾಟ್ರಾಕಸ್. ಮುಂಬಯಿಯ ಪದರಗಳು ಲಾವಾಯುಗದ ಕೊನೆಯ ಹಂತದವು, ಮಹಾ ಅಳಿವಿನ ಈಚಿನವು ಎಂದು ಗಣಿಸಲಾಗುತ್ತದೆ. ಹಾಗಿದ್ದಲ್ಲಿ ಆ ಕಪ್ಪೆಗಳು ಪ್ರಳಯದ ಸಾಕ್ಷಿಗಳಲ್ಲ, ಅದರ ಮರುದಿನದ ನಿವಾಸಿಗಳು. ಅವು ದೊರೆತ ನೆಲವನ್ನು ಇಂದು ನಗರ ಆವರಿಸಿದೆ. ಅಂಧೇರಿಯ ಗಿಲ್ಬರ್ಟ್ ಹಿಲ್‌ನ ಶಿಲಾಸ್ತಂಭಗಳು ಮಾತ್ರ ಸುತ್ತಲಿನ ಗಣಿಗಾರಿಕೆಯಿಂದ ತಪ್ಪಿಸಿಕೊಂಡು, ಕಟ್ಟಡಗಳ ನಡುವೆ ಒಂಟಿಯಾಗಿ ನಿಂತಿವೆ. ಗುಡ್ಡಕ್ಕೆ ಅದರ ಎತ್ತರದ ದೆಸೆಯಿಂದಲಾದರೂ ರಕ್ಷಣೆ ದೊರಕೀತು. ನಾಲ್ಕಾರು ಅಡಿ ದಪ್ಪದ ಬೂದುಬಣ್ಣದ ಜೇಡಿಪದರವನ್ನು ತಳಪಾಯ ತೋಡುವ ಯಂತ್ರದಿಂದ ಉಳಿಸುವವರು ಯಾರು? ಅದನ್ನು ಗುರುತಿಸಬಲ್ಲವರು ಸ್ಥಳದಲ್ಲಿರಬೇಕು, ಗುರುತಿಸಲು ಮಾತು ಗೊತ್ತಿರಬೇಕು.

ಮಾತಿನ ಪ್ರಶ್ನೆ ಕನ್ನಡ ವಿಭಾಗಗಳದೇ. ಚೆನ್ನೈಯಲ್ಲಿ ಅಧ್ಯಾಪಕರಾಗಿದ್ದುಕೊಂಡು ಬಿ.ಜಿ.ಎಲ್. ಸ್ವಾಮಿ ಅವರು ಸಸ್ಯಶಾಸ್ತ್ರವನ್ನು ಕನ್ನಡದ ರಸಿಕರ ಮನೆಗೆ ತಂದರು. ‘ಹಸುರು ಹೊನ್ನು’ ಕೃತಿಗೆ 1978ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಗಿಡಕ್ಕೆ ದೊರೆತ ಆ ಭಾಗ್ಯ ಕಲ್ಲಿಗೆ ಇನ್ನೂ ದೊರೆತಿಲ್ಲ. ಎರೆ, ಮಸಾರಿ, ಗರಸು, ಕರಿಕಲ್ಲು, ಫರಸಿ ಮುಂತಾಗಿ ಒಕ್ಕಲಿಗರೂ ಕಲ್ಲುಕುಟಿಗರೂ ಬಳಸುವ ಪದಗಳು ಹೇರಳವಾಗಿದ್ದರೂ, ಭೂವಿಜ್ಞಾನದ ಕನ್ನಡ ಪರಿಭಾಷೆ ಬಹುಮಟ್ಟಿಗೆ ಸಂಸ್ಕೃತದ ಟಂಕಸಾಲೆಯಿಂದ ಬಂದಿದೆ. ಲಾವಾ ನೆಲದ ಮೇಲೆಯೇ ಇರುವ ಮುಂಬಯಿ, ಪುಣೆಗಳ ಕನ್ನಡ ವಿದ್ಯಾರ್ಥಿಗಳು ಕಲಬುರಗಿ, ವಿಜಾಪುರ, ಬೀದರ ಕಡೆಯ ಬಂಧುಗಳಿಂದಲೇ ಈ ಪದಗಳನ್ನು ಕೇಳಿ ಬರೆದುಕೊಳ್ಳಬಹುದು. ಮರಾಠಿಯ ಸಮಾನ ಪದಗಳೂ ಪಕ್ಕದ ಮನೆಯಲ್ಲೇ ಸಿಗುತ್ತವೆ.