ನಡುಗಡಲಿನ ಮೇಲಣ ದಾರಿ

ನಮ್ಮ ಹುಣಸಮಾರನಹಳ್ಳಿಯ ಬಳ್ಳಾರಿ ರಸ್ತೆಯಲ್ಲಿ ವಿಮಾನನಿಲ್ದಾಣಕ್ಕೆ ಹೋಗುವ ಮೋಟಾರುಗಳಿಗೆ ನಡುರಾತ್ರಿಯಲ್ಲಿಯೂ ಬಿಡುವಿಲ್ಲ. ಮಗಳನ್ನು ಅಮೆರಿಕೆಗೆ ಬೀಳ್ಕೊಟ್ಟು ಬಂದ ನೆರೆಮನೆಯ ತಾಯಿಯೊಬ್ಬರು ನಮ್ಮನ್ನು ಕೇಳಿದರು: “ನೆಲದ ಮೇಲಾದರೆ ಎಲ್ಲಾದರೂ ಇಳಿಸಿಯಾರು; ನಡುಗಡಲಿನಲ್ಲಿ ಯಂತ್ರವು ಕೆಟ್ಟರೆ ಗತಿಯೇನು?”

ಇದು ನಕ್ಕು ತಳ್ಳಿಬಿಡತಕ್ಕ ಪ್ರಶ್ನೆಯಲ್ಲ. 1937ರಲ್ಲಿ ಅಮೀಲಿಯಾ ಇಯರ್‌ಹಾರ್ಟ್ ಎಂಬ ಧೀರಮಹಿಳೆಯು ಫ್ರೆಡ್ ನೂನನ್ ಎಂಬ ಮಾರ್ಗದರ್ಶಕನೊಡನೆ ಶಾಂತಸಾಗರದಲ್ಲಿ ಹೌಲೆಂಡ್ ಎಂಬ ಪುಟ್ಟ ದ್ವೀಪವನ್ನು ಅರಸುತ್ತ ಕಣ್ಮರೆಯಾದರು. ಕಡಲಿನ ಮೇಲೆ ಗುರುತಿಗೆ ಹೊಳೆಯಿಲ್ಲ, ಗುಡ್ಡವಿಲ್ಲ. ಈಗ ಉಪಗ್ರಹಗಳು ದಾರಿಯನ್ನೇನೋ ತೋರಿಸುವುವು; ಇಳಿಯುವುದಕ್ಕೆ ನೆಲವನ್ನು ಅವು ತಂದುಕೊಡಲಾರವಷ್ಟೆ.

ಆದುದರಿಂದ ಎರಡು ಯಂತ್ರಗಳ ವಿಮಾನಕ್ಕೊಂದು ಕಟ್ಟಳೆಯುಂಟು. ಒಂದು ಯಂತ್ರವು ನಿಂತರೂ, ಉಳಿದೊಂದರ ಬಲದಿಂದ ಗೊತ್ತುಮಾಡಿದ ಹೊತ್ತಿನೊಳಗೆ ಯಾವುದಾದರೊಂದು ನಿಲ್ದಾಣವನ್ನು ಸೇರುವಂತೆ ಅದರ ದಾರಿಯಿರಬೇಕು. ಮೊದಲು ಈ ಅವಧಿಯು 60 ನಿಮಿಷವಾಗಿತ್ತು. 1985ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ 120 ನಿಮಿಷಗಳಿಗೆ ಅನುಮತಿ ದೊರೆಯಿತು. ಅನಂತರ ಯಂತ್ರಗಳು ನಂಬಿಕೆಗೆ ಅರ್ಹವಾದಂತೆಲ್ಲ 180 ನಿಮಿಷಗಳಿಗೂ ಅದಕ್ಕೂ ಮೇಲಕ್ಕೂ ಏರಿತು. ಒಳಗಣ ಗಾಳಿಯ ಒತ್ತಡವು ಹೋದರೆ ವಿಮಾನವು ಸುಮಾರು 10,000 ಅಡಿಗಳಿಗೆ ಇಳಿಯಬೇಕಾಗುವುದು. ಅಲ್ಲಿ ಗಾಳಿಯು ದಟ್ಟ. ಇಂಧನವು ಹೆಚ್ಚು ವ್ಯಯವಾಗುವುದು. ಆ ಲೆಕ್ಕವನ್ನೂ ಹೊರಡುವ ಮೊದಲೇ ಹಾಕುವರು. ದೂರದ ಪಯಣಕ್ಕೆ ಬುತ್ತಿ ಕಟ್ಟುವಾಗ ನಮ್ಮ ಗೃಹಿಣಿಯರು ರೈಲು ತಪ್ಪಿದರೆಂದು ಎರಡು ಹಿಡಿ ಹೆಚ್ಚಿಗೆ ಇಡುವರಲ್ಲವೆ? ಅಂತೆಯೇ ಇದು. ಆದರೆ ಇಲ್ಲಿ ಹೊರೆ ಹೆಚ್ಚಿದಷ್ಟೂ ಹೊರುವುದಕ್ಕೇ ಇಂಧನ ಬೇಕು.

2021ರ ಜನವರಿಯಲ್ಲಿ ಜೋಯಾ ಅಗರ್‌ವಾಲ್, ಪಾಪಗರಿ ತನ್ಮಯಿ, ಆಕಾಂಕ್ಷಾ ಸೋನವಣೆ, ಶಿವಾನಿ ಮನ್ಹಾಸ್ ಎಂಬ ನಾಲ್ವರು ಮಹಿಳೆಯರೇ ಏರ್ ಇಂಡಿಯಾ ವಿಮಾನವೊಂದನ್ನು ಸಾನ್‌ಫ್ರಾನ್ಸಿಸ್ಕೋದಿಂದ ಉತ್ತರಧ್ರುವದ ಮೇಲೆ ಹಾಯಿಸಿ, ಎಲ್ಲಿಯೂ ಇಳಿಸದೆ ನಮ್ಮ ಬೆಂಗಳೂರಿಗೆ ತಂದರು. ದೂರವು ಸುಮಾರು 14,000 ಕಿಲೋಮೀಟರು. ಅಲ್ಲಿ ಕೆಳಗೆ ಹೆಪ್ಪುಗಟ್ಟಿದ ಕಡಲು. ರೆಕ್ಕೆಯೊಳಗಣ ಇಂಧನವೂ ಚಳಿಗೆ ಗಟ್ಟಿಯಾಗದಂತೆ ಕಾಯಬೇಕು.

ಬದಲಿ ನಿಲ್ದಾಣವೆಂದರೆ ಊಟ ಹಾಸಿಗೆ ಅಣಿಯಾಗಿರುವ ಛತ್ರವೆಂದು ತಿಳಿಯಬಾರದು. 2023ರ ಜೂನ್ 6ರಂದು ದೆಹಲಿಯಿಂದ ಸಾನ್‌ಫ್ರಾನ್ಸಿಸ್ಕೋಗೆ ಹೊರಟ ವಿಮಾನದ ಒಂದು ಯಂತ್ರದಲ್ಲಿ ದೋಷವು ಕಂಡುಬರಲು, ಚಾಲಕರು ಅದನ್ನು ರಷ್ಯದ ಮಗದಾನ್ ಎಂಬ ಊರಿನಲ್ಲಿ ಇಳಿಸಿದರು. ಒಳಗಿದ್ದವರು 216 ಪ್ರಯಾಣಿಕರು, 16 ಮಂದಿ ಸಿಬ್ಬಂದಿ, ಎಲ್ಲರೂ ಸುರಕ್ಷಿತರು. ಬೇರೆ ವಿಮಾನವು ಬಂದು 8ರಂದು ಕರೆದೊಯ್ಯುವ ತನಕ ತಾತ್ಕಾಲಿಕ ಬಿಡಾರಗಳೇ ಅವರಿಗೆ ಆಶ್ರಯ.

ನೆರೆಮನೆಯ ತಾಯಿಗೆ ಇದೆಲ್ಲವನ್ನೂ ತಿಳಿಸಿದೆವು. ಅವರು ಕೊಂಚ ಹೊತ್ತು ಸುಮ್ಮನಿದ್ದು, “ಆ ಚಳಿಯ ಊರಿನಲ್ಲಿ ಮಕ್ಕಳಿಗೆ ಹೊದೆಯಲು ಏನಿತ್ತಂತೆ?” ಎಂದರು.